ಹಕ್ಕಿಯ ಕಣ್ಣು, ಚಿಟ್ಟೆಯ ಬಣ್ಣ: ನೂರ ಅರವತ್ತು ವರ್ಷಗಳ ಲೆಕ್ಕ

2025ರ ಸೆಪ್ಟೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಸಂಶೋಧಕರು ಆರು ಖಂಡಗಳ 21 ಕಾಡುಗಳಲ್ಲಿ 15 ಸಾವಿರಕ್ಕೂ ಹೆಚ್ಚು ಕಾಗದದ ಪತಂಗಗಳನ್ನು ಮರಗಳ ಮೇಲೆ ಕೂರಿಸಿದರು. ಪ್ರತಿಯೊಂದಕ್ಕೂ ಆಸೆಗೆಂದು ಒಂದೊಂದು ಹುಳ ಇಟ್ಟು, ಹಕ್ಕಿಗಳು ಯಾವುದನ್ನು ಕಿತ್ತುಕೊಂಡು ಹೋಗುತ್ತವೆ ಎಂದು ಕಾದು ನೋಡಿದರು. ಕೆಲವು ಪತಂಗ ತೊಗಟೆಯಂಥ ಮಂಕು ಕಂದು. ಕೆಲವಕ್ಕೆ ‘ಮುಟ್ಟಿದರೆ ಕೆಟ್ಟೆ’ ಎಂದು ಸಾರುವ ಕಪ್ಪು-ಕಿತ್ತಳೆ. ಇನ್ನು ಕೆಲವು ಕೀಟಲೋಕದಲ್ಲಿ ಅಪರೂಪವಾದ ಹಸಿರುನೀಲಿ. ಯಾವ ಬಣ್ಣವೂ ಎಲ್ಲ ಕಾಡುಗಳಲ್ಲಿ ಗೆಲ್ಲಲಿಲ್ಲ. ಆಹಾರಕ್ಕಾಗಿ ಹಕ್ಕಿಗಳ ಪೈಪೋಟಿ ಜೋರಾಗಿದ್ದ ಕಡೆ ಎಚ್ಚರಿಕೆಯ ಬಣ್ಣವನ್ನೂ ಲೆಕ್ಕಿಸದೆ ಅವು ಕುಕ್ಕಿದವು. ಅಡಗಿ ಕೂರುವ ಕೀಟಗಳೇ ತುಂಬಿದ್ದ ಕಡೆ ಮರೆವೇಷ ಅಷ್ಟಾಗಿ ಫಲಿಸಲಿಲ್ಲ, ಏಕೆಂದರೆ ಅಲ್ಲಿನ ಹಕ್ಕಿಗಳು ಹುಡುಕುವುದರಲ್ಲಿ ಪಳಗಿದ್ದವು. ಬೆಳಕಿನ ಏರಿಳಿತಕ್ಕೂ ಪಾಲಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚು ತೂಕ ಬಿದ್ದದ್ದು ಆ ಕಾಡಿನಲ್ಲಿ ಯಾವ ಬೇಟೆಗಾರರಿದ್ದಾರೆ ಎಂಬುದರ ಮೇಲೆ.

ಮೊದಲ ಓದಿಗೆ ಇದು ಸಪ್ಪೆ ಉತ್ತರ. ಇಷ್ಟು ಹೇಳಲು ಆರು ಖಂಡ ಸುತ್ತಬೇಕಿತ್ತೇ ಎಂದು ಕೇಳುವವರೂ ಇದ್ದಾರು. ಈ ವಿಷಯದ ಚರಿತ್ರೆ ತಿರುವಿ ಹಾಕಿದವರು ಹಾಗೆ ಕೇಳಲಾರರು. ಪ್ರಾಣಿಗಳ ಬಣ್ಣಕ್ಕೆ ವಿಕಾಸದ ಕಾರಣ ಹುಡುಕತೊಡಗಿ ನೂರ ಅರವತ್ತು ವರ್ಷ ದಾಟಿವೆ. ಅದರಲ್ಲಿ ಬಹುಪಾಲು ಕಾಲ ವಿಜ್ಞಾನಿಗಳ ನೋಟ ಬೇಟೆಯ ಮೈಮೇಲೆ ನೆಟ್ಟಿತ್ತು: ಈ ಪಟ್ಟೆ ಏಕೆ, ಆ ಚುಕ್ಕೆ ಏಕೆ. ಉತ್ತರ ಇದ್ದದ್ದು ತಿನ್ನಲು ಬರುವವನ ಕಣ್ಣಿನಲ್ಲಿ, ನೆನಪಿನಲ್ಲಿ, ಹಸಿವಿನಲ್ಲಿ. ಸಂಶೋಧಕರು ತಮ್ಮ ಕಣ್ಣನ್ನೇ ನಂಬಿದಾಗಲೆಲ್ಲ ಎಡವಿದ್ದಾರೆ, ಹಕ್ಕಿಯನ್ನು ಕೇಳಿದಾಗಲೆಲ್ಲ ಮುಂದೆ ಹೋಗಿದ್ದಾರೆ. ಹಿಂತಿರುಗಿ ನೋಡಿದಾಗ ನಮಗೆ ಮತ್ತೆ ಮತ್ತೆ ಕಂಡದ್ದು ಇದೇ.

ಆರಂಭ ಅಮೆಜಾನಿನಲ್ಲಿ. 1848ರಲ್ಲಿ ಹೆನ್ರಿ ವಾಲ್ಟರ್ ಬೇಟ್ಸ್ ಮತ್ತು ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬ ಇಬ್ಬರು ಯುವಕರು ಇಂಗ್ಲೆಂಡಿನಿಂದ ಅಲ್ಲಿಗೆ ಹೊರಟರು. ಕೀಟ, ಹಕ್ಕಿಗಳನ್ನು ಸಂಗ್ರಹಿಸಿ ಮಾರಿ ಖರ್ಚು ತೂಗಿಸುವುದು ಅವರ ಯೋಚನೆ. ವಾಲೇಸ್ ನಾಲ್ಕು ವರ್ಷಕ್ಕೆ ಮರಳಿದರು. ಬೇಟ್ಸ್ ಹನ್ನೊಂದು ವರ್ಷ ಉಳಿದರು. ಅವಸರವಿಲ್ಲದೆ, ಯಾರ ಭಯವೂ ಇಲ್ಲದಂತೆ ತೇಲುವ ಬಣ್ಣಬಣ್ಣದ ಚಿಟ್ಟೆಗಳ ಹಿಂಡಿನಲ್ಲಿ ಬೇರೊಂದು ಕುಲದ ಚಿಟ್ಟೆಗಳು ಅದೇ ವೇಷ ತೊಟ್ಟು ಸೇರಿಕೊಂಡಿದ್ದುದನ್ನು ಬೇಟ್ಸ್ ಗುರುತಿಸಿದರು. ಹಿಂಡಿನವು ಹಕ್ಕಿಗೆ ರುಚಿಸದವು, ನಡುವೆ ನುಸುಳಿದವು ರುಚಿಯಾಗಿದ್ದೂ ವೇಷದ ಬಲದಿಂದ ಬದುಕುವವು ಎಂದು 1862ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಾದಿಸಿದರು. ಡಾರ್ವಿನ್ನರ ಮಹಾಗ್ರಂಥ ಹೊರಬಂದು ಆಗ ಮೂರೇ ವರ್ಷ. ನಿಸರ್ಗದ ಆಯ್ಕೆಗೆ ಕಣ್ಣಿಗೆ ಕಾಣುವ ಉದಾಹರಣೆ ಬೇಕಾಗಿತ್ತು, ಸಿಕ್ಕಿತು. ಆದರೆ ಬೇಟ್ಸ್ ವಾದ ನಿಂತದ್ದು ಆ ಚಿಟ್ಟೆಗಳನ್ನು ಹಕ್ಕಿ ಅಟ್ಟಿಸಿಕೊಂಡು ಹೋದದ್ದನ್ನು ಕಾಣಲಿಲ್ಲ ಎಂಬ ಗಮನಿಕೆಯ ಮೇಲೆ. ಏಕೆ ಅಟ್ಟಲಿಲ್ಲ ಎಂದು ಹಕ್ಕಿಯನ್ನೇ ಪರೀಕ್ಷಿಸುವ ಕೆಲಸ ಬಾಕಿ ಇತ್ತು.

ಅದಕ್ಕೆ ದಾರಿ ತೆರೆದದ್ದು ಡಾರ್ವಿನ್ನರ ಒಂದು ತಲೆನೋವು. ಗಂಡು ಹಕ್ಕಿ, ಗಂಡು ಚಿಟ್ಟೆಗಳ ಬೆಡಗು ಹೆಣ್ಣನ್ನು ಒಲಿಸಿಕೊಳ್ಳಲು ಎಂಬುದು ಅವರ ವಿವರಣೆ. ಹಾಗಾದರೆ ಕೆಲವು ಹುಳಗಳಿಗೆ ಅಷ್ಟು ಗಾಢ ಬಣ್ಣವೇಕೆ? ಹುಳ ಇನ್ನೂ ಮರಿ; ಅದಕ್ಕೆ ಒಲಿಸಿಕೊಳ್ಳಲು ಯಾರಿದ್ದಾರೆ? ಬೇಟ್ಸ್ ‘ವಾಲೇಸರನ್ನು ಕೇಳಿ’ ಎಂದರು. 1867ರಲ್ಲಿ ವಾಲೇಸ್ ಕೊಟ್ಟ ಉತ್ತರ ಇಂದಿಗೂ ಹೊಳಪು ಕಳೆದುಕೊಂಡಿಲ್ಲ. ಹುಳದ ಚರ್ಮ ತೆಳು. ಹಕ್ಕಿ ಒಮ್ಮೆ ಕುಕ್ಕಿ, ಕಹಿ ಎಂದು ಉಗುಳಿದರೂ ಹುಳ ಸತ್ತಂತೆಯೇ. ಆದ್ದರಿಂದ ಬಾಯಿಗೆ ಹಾಕುವ ಮೊದಲೇ ದೂರದಿಂದ ಗುರುತು ಸಿಗುವಂತಿರಬೇಕು. ವಾಲೇಸ್ ಇದನ್ನು ಊಹೆಯಾಗಿ ಬಿಡದೆ, ಹಕ್ಕಿ ಸಾಕಿದವರು ಪರೀಕ್ಷಿಸಿ ನೋಡಿ ಎಂದು ಲಂಡನ್ನಿನ ಕೀಟಶಾಸ್ತ್ರ ಸಂಘದಲ್ಲಿ ಮನವಿ ಮಾಡಿಕೊಂಡರು. ಜಾನ್ ಜೆನ್ನರ್ ವಿಯರ್ ಎಂಬ ಹವ್ಯಾಸಿ ತಮ್ಮ ಪಂಜರದ ಹಕ್ಕಿಗಳಿಗೆ ಬಗೆಬಗೆಯ ಹುಳ ಹಾಕಿ 1869ರಲ್ಲಿ ವರದಿ ಕೊಟ್ಟರು: ಮಂಕು ಬಣ್ಣದ ನುಣುಪು ಹುಳಗಳು ಖಾಲಿಯಾಗಿದ್ದವು, ಎದ್ದು ಕಾಣುವ ಬಣ್ಣದವು ಹಾಗೆಯೇ ಉಳಿದಿದ್ದವು. ಹಕ್ಕಿಯ ಸಾಕ್ಷ್ಯ ದಾಖಲೆಗೆ ಬಂದ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ದೊಡ್ಡ ಹೆಸರುಗಳ ನೆರಳಿನಲ್ಲಿ ವಿಯರ್ ಮರೆತುಹೋಗಿದ್ದಾರೆ.

ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ವಿಜ್ಞಾನಿ ಫ್ರಿಟ್ಸ್ ಮ್ಯೂಲರ್ ಇನ್ನೊಂದು ಗಂಟು ಬಿಚ್ಚಿದರು. ಎರಡು ಜಾತಿಗಳೂ ಕಹಿಯಾಗಿದ್ದರೆ ಒಂದನ್ನೊಂದು ಹೋಲುವುದರಿಂದ ಲಾಭವೇನು? ಅನುಭವವಿಲ್ಲದ ಮರಿಹಕ್ಕಿ ಪಾಠ ಕಲಿಯಲು ಪ್ರತಿ ವರ್ಷ ಒಂದಿಷ್ಟು ಚಿಟ್ಟೆಗಳನ್ನು ಕೊಂದೇ ಕೊಲ್ಲುತ್ತದೆ. ಇಬ್ಬರದೂ ಒಂದೇ ಸಮವಸ್ತ್ರವಾದರೆ, ಊರಹಬ್ಬದ ಖರ್ಚಿಗೆ ಎಲ್ಲ ಮನೆಗಳೂ ಚಂದಾ ಹಾಕಿದಂತೆ, ಆ ಸಾವಿನ ಹೊರೆ ಹಂಚಿಹೋಗುತ್ತದೆ. 1870ರ ದಶಕದ ಕೊನೆಗೆ ಮ್ಯೂಲರ್ ಇದನ್ನು ಗಣಿತದಲ್ಲಿ ಬರೆದು ತೋರಿಸಿದರು. ಹಕ್ಕಿಯ ಕಲಿಕೆಯೇ ಆ ಲೆಕ್ಕದ ಬುಡ ಎಂಬುದನ್ನು ಮರೆಯಬಾರದು.

ಈ ಕಥೆಯಲ್ಲಿ ಭಾರತದ ಪಾಲು ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ. 1895ರಿಂದ 1897ರವರೆಗೆ ಕಲ್ಕತ್ತದ ಇಂಡಿಯನ್ ಮ್ಯೂಸಿಯಂನ ಫ್ರಾಂಕ್ ಫಿನ್ ನಮ್ಮದೇ ಹಕ್ಕಿಗಳ ಮೇಲೆ ಸಾಲುಸಾಲು ಪ್ರಯೋಗ ನಡೆಸಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹರಟೆಮಲ್ಲಗಳಂಥ ಹಕ್ಕಿಗಳಿಗೆ ಕಲ್ಕತ್ತದ ಚಿಟ್ಟೆಗಳನ್ನು ಒಂದೊಂದಾಗಿ ಒಡ್ಡಿ, ಯಾವುದನ್ನು ಮೊದಲು ಹಿಡಿದವು, ಯಾವುದನ್ನು ಕೊಕ್ಕಿನಲ್ಲಿ ಕಚ್ಚಿ ಬಿಟ್ಟವು, ಹಸಿದಾಗ ಯಾವುದಕ್ಕೆ ಮತ್ತೆ ಬಂದವು ಎಂದು ಬರೆದಿಟ್ಟರು. ಎಕ್ಕದ ಗಿಡ ತಿಂದು ಬೆಳೆಯುವ ಪ್ಲೇನ್ ಟೈಗರ್ ಬಳಗ, ಹಳದಿ-ಕೆಂಪಿನ ಜೆಝೆಬೆಲ್, ಈಶ್ವರಿ ಬಳ್ಳಿ ತಿನ್ನುವ ಕಾಮನ್ ರೋಸ್ ಹಕ್ಕಿಗಳಿಗೆ ಇಷ್ಟವಾಗಲಿಲ್ಲ. ಆದರೆ ಬೇರೇನೂ ಸಿಗದಿದ್ದರೆ ಕೆಲವು ಹಕ್ಕಿಗಳು ಅವನ್ನೂ ತಿಂದವು. ಪ್ರತಿ ಹಕ್ಕಿಯೂ ತಾನೇ ಅನುಭವಿಸಿ ಕಲಿಯುತ್ತದೆ, ಕಲಿತದ್ದನ್ನು ಚೆನ್ನಾಗಿ ನೆನಪಿಡುತ್ತದೆ ಎಂಬುದು ಅವರ ಮುಖ್ಯ ತೀರ್ಮಾನ. ಫಿನ್ ಓತಿಕ್ಯಾತನನ್ನೂ ಪರೀಕ್ಷೆಗೆ ಹಚ್ಚಿದ್ದರು. ಅದಕ್ಕೆ ಈ ಕಹಿ-ಸಿಹಿಯ ಭೇದ ಅಷ್ಟಾಗಿ ಇರಲಿಲ್ಲ. ಒಬ್ಬ ಬೇಟೆಗಾರನಿಗೆ ಎಚ್ಚರಿಕೆಯಾಗಿರುವ ಬಣ್ಣ ಇನ್ನೊಬ್ಬನಿಗೆ ಊಟದ ಕರೆಯಾಗಬಹುದು ಎಂಬ ಮಾತಿಗೆ ಇದಕ್ಕಿಂತ ಸರಳ ಸಾಕ್ಷಿ ಬೇಕೇ? 2025ರ ಪ್ರಯೋಗ ಆರು ಖಂಡಗಳಲ್ಲಿ ಕಂಡದ್ದರ ಬೀಜ ಫಿನ್ ಅವರ ಟಿಪ್ಪಣಿಗಳಲ್ಲಿದೆ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಒಬ್ಬ ಕಲಾವಿದ ವಿರುದ್ಧ ದಿಕ್ಕಿಗೆ ಹೊರಟಿದ್ದರು. ಅಬಟ್ ಥೇಯರ್ ಒಳ್ಳೆಯ ಚಿತ್ರಕಾರರು. ಬೆನ್ನು ಗಾಢ, ಹೊಟ್ಟೆ ತಿಳಿ ಇರುವ ಪ್ರಾಣಿಯ ಮೈ ಬಿಸಿಲಿನಲ್ಲಿ ಉಬ್ಬುತಗ್ಗು ಕಳೆದುಕೊಂಡು ಚಪ್ಪಟೆಯಾಗಿ ಕಾಣುತ್ತದೆ ಎಂದು 1896ರಲ್ಲಿ ತೋರಿಸಿಕೊಟ್ಟವರು ಅವರೇ. ಆ ಮಾತು ನಿಂತಿದೆ. ಆದರೆ ಆಮೇಲೆ ಅವರಿಗೆ ಎಲ್ಲ ಬಣ್ಣವೂ ಮರೆವೇಷವಾಗಿ ಕಾಣತೊಡಗಿತು. 1909ರ ಪುಸ್ತಕದಲ್ಲಿ ರಾಜಹಂಸದ ಗುಲಾಬಿ ಮೈಯೂ ಸಂಜೆಯ ಆಕಾಶದಲ್ಲಿ ಕರಗಿಹೋಗಲೆಂದೇ ಇರುವುದು ಎಂದರು. ಬೇಟೆಯಾಡಿ ಅನುಭವವಿದ್ದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ 1911ರಲ್ಲಿ ಅದನ್ನು ಚಿಂದಿ ಮಾಡಿದರು. ರಾಜಹಂಸ ದಿನವಿಡೀ ಎಲ್ಲರ ಕಣ್ಣಿಗೂ ರಾಚುತ್ತ ನಿಂತಿರುತ್ತದೆ, ಸಂಜೆಯ ಆ ಹತ್ತು ನಿಮಿಷಕ್ಕಾಗಿ ಯಾರೂ ಬಣ್ಣ ಕಟ್ಟಿಕೊಳ್ಳುವುದಿಲ್ಲ. ಥೇಯರ್ ನೋಡಿದ್ದು ಚಿತ್ರಕಾರನ ಕಣ್ಣಿನಿಂದ. ಬೇಟೆಗಾರ ಪ್ರಾಣಿ ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ ನೋಡುತ್ತದೆ ಎಂದು ಅವರು ಕೇಳಿಕೊಳ್ಳಲಿಲ್ಲ. 1940ರಲ್ಲಿ ಪ್ರಾಣಿವಿಜ್ಞಾನಿ ಹ್ಯೂ ಕಾಟ್ ಬರೆದ ಹೆಬ್ಬೊತ್ತಿಗೆ ಈ ಅತಿರೇಕವನ್ನೆಲ್ಲ ಜರಡಿ ಹಿಡಿಯಿತು.

ಇನ್ನು ಪೆಪ್ಪರ್ಡ್ ಪತಂಗ. ದ್ವಿತೀಯ ಪಿಯುಸಿ ಜೀವಶಾಸ್ತ್ರ ಓದಿದವರೆಲ್ಲ ಇದನ್ನು ಪರೀಕ್ಷೆಗೆ ಬರೆದಿದ್ದಾರೆ: ಬಿಳಿ ರೆಕ್ಕೆಯ ಮೇಲೆ ಕರಿ ಚುಕ್ಕೆಗಳ ಪತಂಗ, ಕಾರ್ಖಾನೆಯ ಮಸಿ, ಕಪ್ಪಾದ ಮರ, ಕಪ್ಪು ಪತಂಗಗಳ ಮೇಲುಗೈ. ಪಾಠ ಅಲ್ಲಿಗೆ ಮುಗಿಯುತ್ತದೆ. ನಿಜವಾದ ಕಥೆ ಅಲ್ಲಿಂದ ಶುರುವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಬೇಟೆಗಾರನ ಪಾತ್ರವನ್ನು ಸಾಬೀತುಪಡಿಸುವುದು ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಕಪ್ಪು ಬಗೆ ಮ್ಯಾಂಚೆಸ್ಟರ್‌ನಲ್ಲಿ ಸಿಕ್ಕಿದ್ದು 1848ರಲ್ಲಿ. 1895ರ ಹೊತ್ತಿಗೆ ಅಲ್ಲಿನ ಶೇ. 98ರಷ್ಟು ಪತಂಗಗಳು ಕಪ್ಪು. ಮರುವರ್ಷವೇ ಕೀಟತಜ್ಞ ಜೆ. ಡಬ್ಲ್ಯು. ಟಟ್ ಇದಕ್ಕೆ ಹಕ್ಕಿಗಳೇ ಕಾರಣವಿರಬೇಕು ಎಂದರು. 1924ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಲೆಕ್ಕ ಹಾಕಿ, ಇಷ್ಟು ಬೇಗ ಇಷ್ಟು ಬದಲಾವಣೆ ಆಗಬೇಕಾದರೆ ಕಪ್ಪು ಪತಂಗದ ಬದುಕುಳಿಯುವ ಸಾಧ್ಯತೆ ಬಿಳಿಯದಕ್ಕಿಂತ ಒಂದೂವರೆ ಪಟ್ಟು ಇರಬೇಕು ಎಂದು ತೋರಿಸಿದರು. ಆ ಕಾಲದವರಿಗೆ ಇದು ನಂಬಲಾಗದಷ್ಟು ದೊಡ್ಡ ಅಂಕಿ. (ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.) ಲೆಕ್ಕವೇನೋ ಸಿಕ್ಕಿತು, ಆದರೆ ಹಕ್ಕಿ ಪತಂಗವನ್ನು ತಿನ್ನುವುದನ್ನು ಯಾರು ಕಂಡಿದ್ದರು? ಅಂಥ ದೃಶ್ಯ ಕಂಡಿಲ್ಲ ಎಂದೇ ಅನೇಕ ಕೀಟತಜ್ಞರು ತಲೆಯಾಡಿಸುತ್ತಿದ್ದರು.

ವೈದ್ಯ ವೃತ್ತಿ ಬಿಟ್ಟು ಆಕ್ಸ್‌ಫರ್ಡ್ ಸೇರಿದ್ದ ಬರ್ನಾರ್ಡ್ ಕೆಟಲ್‌ವೆಲ್ 1953ರಲ್ಲಿ ಬರ್ಮಿಂಗ್‌ಹ್ಯಾಮಿನ ಮಸಿ ಹಿಡಿದ ಕಾಡಿಗೆ ಗುರುತು ಹಾಕಿದ ಪತಂಗಗಳನ್ನು ಬಿಟ್ಟರು. ಮತ್ತೆ ಹಿಡಿದಾಗ ಕಪ್ಪು ಪತಂಗಗಳಲ್ಲಿ ಶೇ. 27.5 ಸಿಕ್ಕವು, ಬಿಳಿಯವುಗಳಲ್ಲಿ ಶೇ. 13. ಎರಡು ವರ್ಷದ ನಂತರ ಡಾರ್ಸೆಟ್‌ನ ಶುದ್ಧ ಕಾಡಿನಲ್ಲಿ, ಕಲ್ಲುಹೂವು ಕವಿದ ಮರಗಳ ನಡುವೆ, ಲೆಕ್ಕ ತಿರುಗಿತು: ಬಿಳಿ ಶೇ. 12.5, ಕಪ್ಪು ಶೇ. 6.3. ಪ್ರಾಣಿವರ್ತನೆಯ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಹಕ್ಕಿಗಳು ಪತಂಗ ಕುಕ್ಕುವುದನ್ನು ಚಲನಚಿತ್ರವಾಗಿ ತೆಗೆದರು. ಪ್ರಶ್ನೆ ಮುಗಿಯಿತು ಎಂದುಕೊಂಡು ಜಗತ್ತಿನ ಪಠ್ಯಪುಸ್ತಕಗಳು ಇದನ್ನು ಅಚ್ಚು ಹಾಕಿದವು.

ಮುಗಿದಿರಲಿಲ್ಲ. ಕೆಟಲ್‌ವೆಲ್ ಪತಂಗಗಳನ್ನು ಹಗಲಿನಲ್ಲಿ, ಮರದ ಕಾಂಡದ ಮೇಲೆ ಬಿಟ್ಟಿದ್ದರು. ತಾವಾಗಿ ಅವು ಎಲ್ಲಿ ಕೂರುತ್ತವೆ? ಪುಸ್ತಕಗಳ ಎಷ್ಟೋ ಫೋಟೊಗಳಲ್ಲಿದ್ದದ್ದು ತೊಗಟೆಯ ಮೇಲೆ ಬೇಕೆಂದು ಕೂರಿಸಿದ ಪತಂಗಗಳು. 1998ರಲ್ಲಿ ಜೀವವಿಜ್ಞಾನಿ ಮೈಕಲ್ ಮಜೆರಸ್ ತಮ್ಮ ಪುಸ್ತಕದಲ್ಲಿ ಈ ಕುಂದುಗಳನ್ನು ಪ್ರಾಮಾಣಿಕವಾಗಿ ಪಟ್ಟಿ ಮಾಡಿದ್ದೇ ತಡ, ವಿಕಾಸವಾದವನ್ನೇ ಒಪ್ಪದವರು ‘ನೋಡಿ, ಎಲ್ಲ ಸುಳ್ಳು’ ಎಂದು ಎದ್ದು ನಿಂತರು. 2002ರಲ್ಲಿ ಬಂದ ಪತ್ರಕರ್ತೆಯೊಬ್ಬರ ಪುಸ್ತಕ ಕೆಟಲ್‌ವೆಲ್ ಅಂಕಿಗಳ ಪ್ರಾಮಾಣಿಕತೆಯನ್ನೇ ಶಂಕಿಸಿತು. ಪ್ರಯೋಗದಲ್ಲಿ ಕುಂದು ಇರುವುದು ಬೇರೆ, ವಂಚನೆ ಬೇರೆ. ಆ ಗೆರೆ ಅಳಿಸಿಹಾಕಿದ್ದು ಅನ್ಯಾಯ ಎಂದೇ ನಾವು ಹೇಳುತ್ತೇವೆ.

ಮಜೆರಸ್ ವಾಗ್ವಾದಕ್ಕೆ ಹೋಗದೆ ತೋಟಕ್ಕೆ ಹೋದರು. ಆರು ವರ್ಷಗಳ ಪ್ರಯೋಗದಲ್ಲಿ ಕೇಂಬ್ರಿಜ್‌ನ ತಮ್ಮ ಹಿತ್ತಲಿನಲ್ಲಿ 4,864 ಪತಂಗಗಳನ್ನು ರಾತ್ರಿಯ ಹೊತ್ತು ಬಿಟ್ಟು, ತಮಗೆ ಬೇಕಾದ ಜಾಗ ಹುಡುಕಿ ಕೂರಲು ಆಸ್ಪದ ಕೊಟ್ಟರು. ಬೆಳಗಾದ ಮೇಲೆ ಮನೆಯೊಳಗಿನಿಂದ ದುರ್ಬೀನು ಹಿಡಿದು ಯಾವುದು ಉಳಿಯಿತು, ಯಾವುದನ್ನು ಯಾವ ಹಕ್ಕಿ ಒಯ್ದಿತು ಎಂದು ನೋಡಿದರು. ಒಂಬತ್ತು ಜಾತಿಯ ಹಕ್ಕಿಗಳು ಸಿಕ್ಕಿಬಿದ್ದವು. ತಾವಾಗಿ ಕೂತ ಪತಂಗಗಳನ್ನು ಹುಡುಕಿ ನೋಡಿದಾಗ ಹೆಚ್ಚಿನವು ಕೊಂಬೆಗಳ ಮೇಲಿದ್ದರೂ, ಮೂರನೇ ಒಂದು ಭಾಗಕ್ಕೂ ಹೆಚ್ಚು ಕಾಂಡದ ಮೇಲೆಯೇ ಇದ್ದವು. ಹೊಗೆ ಇಳಿದು ಮರಗಳು ಮತ್ತೆ ತಿಳಿಯಾಗಿದ್ದ ಆ ಕಾಲದಲ್ಲಿ ಕಪ್ಪು ಪತಂಗಗಳೇ ಹೆಚ್ಚು ಬಲಿಯಾದವು. ಬಿಳಿಯವಕ್ಕಿಂತ ಅವು ಒಂದು ದಿನ ಬದುಕುಳಿಯುವ ಸಾಧ್ಯತೆ ಸುಮಾರು ಶೇ. 9 ಕಡಿಮೆ. 2009ರಲ್ಲಿ ಮಜೆರಸ್ ಕಾಯಿಲೆಯಿಂದ ತೀರಿಕೊಂಡರು. ಸಹವಿಜ್ಞಾನಿಗಳು 2012ರಲ್ಲಿ ಅವರ ಅಂಕಿಅಂಶ ಪ್ರಕಟಿಸಿದರು. ಕೆಟಲ್‌ವೆಲ್ ತೀರ್ಮಾನ ನಿಂತಿತು, ಈ ಸಲ ಗಟ್ಟಿ ನೆಲದ ಮೇಲೆ.

ಕಪ್ಪಿನ ಮೂಲವೂ ಗೊತ್ತಾಯಿತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ, ಸುಮಾರು 22 ಸಾವಿರ ಅಕ್ಷರಗಳಷ್ಟು ಉದ್ದದ ಡಿಎನ್‌ಎ ತುಣುಕೊಂದು ‘ಕಾರ್ಟೆಕ್ಸ್’ ಎಂಬ ವಂಶವಾಹಿಯಲ್ಲಿ ಬಂದು ಸೇರಿಕೊಂಡದ್ದೇ ಕಾರಣ, ಅದು ನಡೆದದ್ದು ಬಹುಶಃ 1819ರ ಆಸುಪಾಸು ಎಂದು ಅಂದಾಜಿಸಿತು. ಹತ್ತು ವರ್ಷ ಆಗುವ ಮೊದಲೇ ಆ ತೀರ್ಪಿಗೂ ತಿದ್ದುಪಡಿ ಬಂತು: ಅದೇ ಜಾಗದಲ್ಲಿ ಅಡಗಿರುವ ಒಂದು ಪುಟ್ಟ ಆರ್‌ಎನ್‌ಎ ಚಿಟ್ಟೆ-ಪತಂಗಗಳ ಕಪ್ಪನ್ನು ನಿಯಂತ್ರಿಸುತ್ತದೆ ಎಂದು 2024ರಲ್ಲಿ ಸಿಂಗಪುರದ ಸಂಶೋಧಕರು ತೋರಿಸಿದರು. ಜೀನು ಯಾವುದೇ ಇರಲಿ, ಬಿಳಿ ಉಳಿಯಬೇಕೋ ಕಪ್ಪು ಉಳಿಯಬೇಕೋ ಎಂದು ತೀರ್ಮಾನಿಸಿದ್ದು ಹಕ್ಕಿ. ಆ ಹಕ್ಕಿ ನಮಗಿಂತ ಬೇರೆಯಾಗಿ ನೋಡುತ್ತದೆ ಎಂಬುದನ್ನು ಬಹುಕಾಲ ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ, ಹಕ್ಕಿಯಲ್ಲಿ ನಾಲ್ಕು. ಎಷ್ಟೋ ಹಕ್ಕಿಗಳಿಗೆ ಅತಿನೇರಳೆಯೂ ಕಾಣುತ್ತದೆ. 2018ರಲ್ಲಿ ಎಕ್ಸೆಟರ್‌ನ ಸಂಶೋಧಕರು ಹಕ್ಕಿಯ ದೃಷ್ಟಿಯ ಮಾದರಿ ಬಳಸಿ ಇದೇ ಪತಂಗಗಳನ್ನು ಅಳೆದರು. ಇಂದಿನ ಶುದ್ಧ ಕಾಡಿನಲ್ಲಿ ಬಿಳಿ ಮಾದರಿಗಳು ಬದುಕುಳಿಯುವ ಸಾಧ್ಯತೆ ಶೇ. 21 ಹೆಚ್ಚು ಎಂದು ಬಂತು.

ಕಣ್ಣಿನ ಹಿಂದೆ ಮನಸ್ಸಿದೆ, ಅದನ್ನು ಅಳೆಯುವುದು ಇನ್ನೂ ಕಷ್ಟ. ಅಮೆರಿಕದ ಲಿಂಕನ್ ಬ್ರೋವರ್ ಮೊನಾರ್ಕ್ ಚಿಟ್ಟೆಯ ಮೇಲೆ ಮಾಡಿದ ಕೆಲಸ ಇಲ್ಲಿ ಮೇಲ್ಪಂಕ್ತಿ. ಎಕ್ಕದ ನಂಟಿನ ಹಾಲುಗಿಡ ತಿಂದು ಬೆಳೆದ ಮೊನಾರ್ಕನ್ನು ಏನೂ ಅರಿಯದ ಬ್ಲೂ ಜೇ ಹಕ್ಕಿ ನುಂಗಿತು. ಕೆಲವೇ ನಿಮಿಷದಲ್ಲಿ ಗರಿ ಕೆದರಿ, ವಾಂತಿ ಮಾಡಿಕೊಂಡು ಹೈರಾಣಾಯಿತು. ಆಮೇಲೆ ಆ ಚಿಟ್ಟೆ ಕಂಡರೇ ಮುಖ ತಿರುಗಿಸಿತು. ಬ್ರೋವರ್ ಅಷ್ಟಕ್ಕೆ ಬಿಡಲಿಲ್ಲ. ಎಲೆಕೋಸು ತಿನ್ನಿಸಿ ಮೊನಾರ್ಕ್‌ಗಳನ್ನು ಬೆಳೆಸಿದರು. ಅದೇ ಕಿತ್ತಳೆ, ಅದೇ ಕಪ್ಪು, ಆದರೆ ವಿಷವಿಲ್ಲ; ಹಕ್ಕಿ ಸಂತೋಷದಿಂದ ತಿಂದಿತು. ಬಣ್ಣ ಒಂದು ಮಾತು ಕೊಡುತ್ತದೆ, ಅದನ್ನು ಉಳಿಸಿಕೊಡುವುದು ಹುಳ ತಿಂದ ಗಿಡ. ಮೊನಾರ್ಕ್‌ನ ವೇಷ ಹಾಕಿದ ರುಚಿಕರ ಚಿಟ್ಟೆ ಎಂದು ಒಂದು ಶತಮಾನ ಎಲ್ಲ ಪುಸ್ತಕಗಳೂ ಹೇಳಿದ ವೈಸ್‌ರಾಯ್ ಕೂಡ ಹಕ್ಕಿಗೆ ಅಷ್ಟೇ ಕಹಿ ಎಂದು 1991ರಲ್ಲಿ ಬಯಲಾಯಿತು. ಆವರೆಗೆ ಪುಸ್ತಕ ಬರೆದವರು ಚಿಟ್ಟೆಯನ್ನು ನೋಡಿದ್ದರು, ಹಕ್ಕಿಗೆ ತಿನ್ನಿಸಿ ನೋಡಿದವರು ವಿರಳ.

ಹಕ್ಕಿಗಳು ಒಂದನ್ನೊಂದು ನೋಡಿಯೂ ಕಲಿಯುತ್ತವೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗ್ರೇಟ್ ಟಿಟ್ ಹಕ್ಕಿಗೆ ವಿಡಿಯೊ ತೋರಿಸಿದರು: ಇನ್ನೊಂದು ಟಿಟ್ ಕಾಗದದ ಪೊಟ್ಟಣ ಬಿಚ್ಚಿ ಕಹಿ ಬಾದಾಮಿ ಚೂರು ಬಾಯಿಗೆ ಹಾಕಿ, ತಲೆ ಕೊಡವಿ, ಕೊಕ್ಕನ್ನು ಕೊಂಬೆಗೆ ತಿಕ್ಕುತ್ತಿದೆ. ನೋಡಿದ ಹಕ್ಕಿಗಳು ಆ ಗುರುತಿನ ಪೊಟ್ಟಣವನ್ನು ಮೊದಲಿನಿಂದಲೇ ದೂರವಿಟ್ಟವು. ಮ್ಯೂಲರ್ ಲೆಕ್ಕದಲ್ಲಿ ಪ್ರತಿ ಹಕ್ಕಿಗೂ ಒಂದಿಷ್ಟು ಚಿಟ್ಟೆ ಬಲಿಯಾಗಲೇಬೇಕಿತ್ತು. ಆ ಲೆಕ್ಕ ಈಗ ಸಡಿಲವಾಗಿದೆ. ಇನ್ನೊಂದು ಕಡೆ, ನೆಬ್ರಾಸ್ಕದ ಬಾಂಡ್ ಮತ್ತು ಕಾಮಿಲ್ ಬ್ಲೂ ಜೇಗಳಿಗೆ ಕಂಪ್ಯೂಟರ್ ಪರದೆಯ ಮೇಲೆ ಪತಂಗ ಹುಡುಕಲು ಕಲಿಸಿದರು. ಹಕ್ಕಿ ಕಂಡುಹಿಡಿದವು ಸತ್ತವು, ತಪ್ಪಿಸಿಕೊಂಡವು ಮರಿ ಹಾಕಿದವು, ಎಲ್ಲ ಪರದೆಯೊಳಗೆ. ತಲೆಮಾರುಗಳು ಉರುಳಿದಂತೆ ಪತಂಗಗಳು ಹಿನ್ನೆಲೆಯಲ್ಲಿ ಇನ್ನಷ್ಟು ಬೆರೆತವು, ಜೊತೆಗೆ ಒಂದರಂತೆ ಒಂದಿಲ್ಲದಷ್ಟು ಬಗೆಬಗೆಯಾದವು. ಹಕ್ಕಿಯ ತಲೆಯಲ್ಲಿ ಇತ್ತೀಚೆಗೆ ತಿಂದದ್ದರ ಚಿತ್ರ ಅಚ್ಚೊತ್ತಿರುತ್ತದೆ. ಅದಕ್ಕೆ ಹೊಂದದ ಅಪರೂಪದ ಬಗೆ ಬಚಾವಾಗುತ್ತದೆ.

ಪತಂಗ-ಹಕ್ಕಿಗಳಾಚೆ ನೋಡಿದರೆ ಗಪ್ಪಿ ಮೀನಿನ ಕಥೆಯೇ ದೊಡ್ಡದು. ಸೊಳ್ಳೆ ಮರಿ ತಿನ್ನಲೆಂದು ನಮ್ಮ ಆರೋಗ್ಯ ಇಲಾಖೆ ನೀರು ನಿಂತ ಕಡೆ ಬಿಡುವ ಅದೇ ಗಪ್ಪಿ. ಅದರ ತವರುಗಳಲ್ಲೊಂದಾದ ಟ್ರಿನಿಡಾಡ್‌ನ ಹೊಳೆಗಳಲ್ಲಿ ದೊಡ್ಡ ಬೇಟೆಮೀನು ಇರುವ ಕಡೆ ಗಂಡು ಗಪ್ಪಿ ಮಂಕು, ಇಲ್ಲದ ಕಡೆ ರಂಗುರಂಗು. ಜೀವವಿಜ್ಞಾನಿ ಜಾನ್ ಎಂಡ್ಲರ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪಾಯದ ಹೊಳೆಯಿಂದ ಹಿಡಿದು ಅಪಾಯ ಕಡಿಮೆ ಇರುವ ಹೊಳೆಗೆ ಬಿಟ್ಟ ಗಪ್ಪಿಗಳ ಸಂತಾನ ಸುಮಾರು ಎರಡೇ ವರ್ಷದಲ್ಲಿ ಬಣ್ಣ ಏರಿಸಿಕೊಂಡಿತ್ತು. ಇದಕ್ಕಿಂತ ಸೊಗಸಾದದ್ದು ಅವರ ಕೃತಕ ಕೊಳಗಳ ಫಲಿತಾಂಶ. ತಳಕ್ಕೆ ಹಾಸಿದ ಬಣ್ಣದ ಹರಳುಗಳ ಗಾತ್ರವನ್ನು ಅವರು ಬದಲಿಸಿ ನೋಡಿದ್ದರು. ಬೇಟೆಮೀನು ಇದ್ದಾಗ ಗಪ್ಪಿಯ ಚುಕ್ಕೆಗಳು ತಲೆಮಾರುಗಳಲ್ಲಿ ಹರಳಿನ ಗಾತ್ರಕ್ಕೆ ಹೊಂದಿಕೊಂಡವು. ಇಲ್ಲದಿದ್ದಾಗ ಹೆಣ್ಣಿಗೆ ಎದ್ದು ಕಾಣಲೆಂದು ಹರಳಿಗಿಂತ ಬೇರೆಯಾದವು. ಒಂದೇ ಮೀನು, ಒಂದೇ ನೀರು, ನೋಡುವವನು ಮಾತ್ರ ಬೇರೆ.

ನಮ್ಮ ಮನೆಯಂಗಳಕ್ಕೆ ಬರೋಣ. ಕುಂಡದ ಕರಿಬೇವಿನ ಎಲೆಗಳನ್ನು ಗಮನಿಸಿದರೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂದು-ಬಿಳಿಯ ಪುಟ್ಟ ಹುಳ ಸಿಗಬಹುದು; ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಹಿಕ್ಕೆಯನ್ನು ಯಾವ ಹಕ್ಕಿ ತಿನ್ನುತ್ತದೆ? ಆದರೆ ಹುಳ ಬೆಳೆದಷ್ಟು ದೊಡ್ಡ ಹಿಕ್ಕೆ ಇರುವುದಿಲ್ಲವಲ್ಲ. ಬೆಳೆದು ದಪ್ಪನಾದ ಮೇಲೆ ಪೊರೆ ಕಳಚಿ ಎಲೆಹಸಿರಾಗುತ್ತದೆ. ಕಡ್ಡಿಯಲ್ಲಿ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವೆಗೊಂಬು ಚಿಮ್ಮಿಸಿ ಘಾಟು ಬಿಡುತ್ತದೆ. ಚಿಟ್ಟೆಯಾದ ಮೇಲೆ ಆಟ ಇನ್ನೊಂದು ಬಗೆ. ಗಂಡು ಕಪ್ಪು ಮೈಗೆ ಬಿಳಿ ಪಟ್ಟೆ. ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇದ್ದರೆ, ಕೆಲವು ಕಾಮನ್ ರೋಸ್‌ನಂತೆ, ಇನ್ನು ಕೆಲವು ಕ್ರಿಮ್ಸನ್ ರೋಸ್‌ನಂತೆ. ಎರಡೂ ರೋಸ್‌ಗಳು ಈಶ್ವರಿ ಬಳ್ಳಿಯ ವಿಷ ಮೈಗೂಡಿಸಿಕೊಂಡವು. ಮಾರ್ಮನ್‌ಗೆ ಆ ವಿಷವಿಲ್ಲ. ಹತ್ತಿರದಿಂದ ನೋಡಿದರೆ ರೋಸ್‌ನ ಮೈ ಕೆಂಪು, ಮಾರ್ಮನ್‌ನದು ಕಪ್ಪು. ರೆಕ್ಕೆಯಲ್ಲಿ ಅಷ್ಟು ಚೊಕ್ಕ ನಕಲು ಮಾಡಿದ್ದು ಮೈಯಲ್ಲಿ ಏಕೆ ಬಿಟ್ಟಿತು? ಹಾರುವ ಚಿಟ್ಟೆಯಲ್ಲಿ ಹಕ್ಕಿಗೆ ಮೊದಲು ಕಾಣುವುದು ರೆಕ್ಕೆ ಎಂಬುದು ಸಾಲುವ ವಿವರಣೆ ಎಂದು ನಮಗೆ ತೋರುತ್ತದೆ.

ಈ ಬಗೆಬಗೆಯ ಹೆಣ್ಣುಗಳ ಹಿಂದೆ ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನು ಇದೆ ಎಂದು 2014ರಲ್ಲಿ ಕೃಷ್ಣಮೇಘ ಕುಂಟೆ ಮತ್ತು ಶಿಕಾಗೊದ ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಕುಂಟೆ ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಕೇಂದ್ರದವರು. ಹೆಣ್ಣುಗಳೇ ಏಕೆ ವೇಷ ಹಾಕಬೇಕು ಎಂಬುದಕ್ಕೆ ಜಪಾನಿನ ಓಸಾಕಿ 1995ರಲ್ಲೇ ಒಂದು ಸುಳಿವು ಕೊಟ್ಟಿದ್ದರು. ಅವರು ಮಲೇಷ್ಯಾದಲ್ಲಿ ಚಿಟ್ಟೆಗಳ ರೆಕ್ಕೆಯ ಮೇಲಿನ ಕೊಕ್ಕಿನ ಗಾಯಗಳನ್ನು ಎಣಿಸಿ, ವೇಷವಿಲ್ಲದ ಜಾತಿಗಳಲ್ಲಿ ಹಕ್ಕಿ ಹೆಚ್ಚು ಎರಗುವುದು ಹೆಣ್ಣಿನ ಮೇಲೆ ಎಂದು ಕಂಡುಕೊಂಡರು. ಮೊಟ್ಟೆ ಹೊತ್ತ ಹೆಣ್ಣಿನ ಹಾರಾಟ ಭಾರ, ಹಿಡಿಯುವುದು ಸುಲಭ.

ಉಳಿದ ದೊಡ್ಡ ಒಗಟು, ಎಚ್ಚರಿಕೆಯ ಬಣ್ಣದ ಹುಟ್ಟು. ಅಡಗಿ ಬದುಕುವ ಪ್ರಾಣಿಗಳ ನಡುವೆ ಮೊದಲ ಸಲ ಕೆಂಪಾಗಿ ಹುಟ್ಟಿದ ಮರಿಯನ್ನು, ಕೆಂಪೆಂದರೆ ಕಹಿ ಎಂದು ಇನ್ನೂ ಕಲಿಯದ ಹಕ್ಕಿ ತಿಂದುಬಿಡುವುದಿಲ್ಲವೇ? 2023ರಲ್ಲಿ ಸಾವಿರದ ನೂರಕ್ಕೂ ಹೆಚ್ಚು ಕಪ್ಪೆ, ಸಲಮಾಂಡರ್ ಜಾತಿಗಳ ವಂಶವೃಕ್ಷ ಜಾಲಾಡಿದ ತಂಡವೊಂದು ನಡುವಣ ಮೆಟ್ಟಿಲು ತೋರಿಸಿತು. ಬೆನ್ನು ಮಂಕು, ಬಣ್ಣ ಹೊಟ್ಟೆಯಡಿ. ಸಿಕ್ಕಿಬಿದ್ದಾಗ ಮಾತ್ರ ತೋರಿಸುವ ಗುಟ್ಟು. ಅಲ್ಲಿಂದ ಪೂರ್ತಿ ಬಹಿರಂಗಕ್ಕೆ ಹೋಗುವುದು ಸುಲಭ. ಇದು ಒಪ್ಪುವಂಥ ವಾದ, ಆದರೆ ವಂಶವೃಕ್ಷದಿಂದ ಊಹಿಸಿದ್ದು. ಬೇಟೆಗಾರರ ಮುಂದೆ ಇಟ್ಟು ನೋಡುವ ಕೆಲಸ ಇಲ್ಲಿಯೂ ಬೇಕು. ಇನ್ನು, ಬೇಟೆಗಾರ ಅದೇ ಇದ್ದು ಹಿನ್ನೆಲೆ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಅಮೆರಿಕದ ಹಿಮಮೊಲ ಸಾಕ್ಷಿ. ಚಳಿಗಾಲಕ್ಕೆ ಬಿಳಿಯಾಗುವ ಮೊಲ, ಹಿಮ ಬೀಳದ ಕಂದು ನೆಲದ ಮೇಲೆ ಕೂತಾಗ ವಾರಕ್ಕೆ ಬದುಕುಳಿಯುವ ಸಾಧ್ಯತೆ ಶೇ. 7ರವರೆಗೆ ಇಳಿಯುತ್ತದೆ ಎಂದು 2016ರಲ್ಲಿ ಲೆಕ್ಕ ಸಿಕ್ಕಿದೆ.

ನೂರ ಅರವತ್ತು ವರ್ಷದ ಲೆಕ್ಕದಲ್ಲಿ ನಮ್ಮ ಕಡೆಯಿಂದ ಒಂದು ಆಕ್ಷೇಪವಿದೆ. ಹೆಚ್ಚಿನ ಸಾಕ್ಷಿ ಬಂದದ್ದು ಇಂಗ್ಲೆಂಡ್, ಅಮೆರಿಕ, ಫಿನ್ಲೆಂಡ್‌ಗಳ ನಾಲ್ಕಾರು ಜಾತಿಯ ಹಕ್ಕಿಗಳಿಂದ. ಬಣ್ಣದ ವೈವಿಧ್ಯ ಇರುವುದು ಉಷ್ಣವಲಯದ ಕಾಡಿನಲ್ಲಿ, ಪಶ್ಚಿಮ ಘಟ್ಟದಂಥ ಕಡೆ. ಇಲ್ಲಿ ಚಿಟ್ಟೆಯ ಬಣ್ಣ, ಜೀನು, ಹಾರಾಟಗಳ ಅಧ್ಯಯನ ಜಗತ್ತಿನ ಮಟ್ಟದಲ್ಲಿದೆ. ಅದೇ ಚಿಟ್ಟೆಯನ್ನು ಕಾಜಾಣ ಏನು ಮಾಡಿತು, ಕಳ್ಳಿಪೀರ ಹಿಡಿಯಿತೋ ಬಿಟ್ಟಿತೋ, ಓತಿಕ್ಯಾತನಿಗೆ ಏನು ಸಿಕ್ಕಿತು ಎಂಬ ದಾಖಲೆ ಫಿನ್ ಕಾಲದಿಂದ ಅಷ್ಟೇನೂ ಮುಂದೆ ಬಂದಿಲ್ಲ ಎಂಬುದು ನಮ್ಮ ಎಣಿಕೆ. ಅದಕ್ಕೆ ಪ್ರಯೋಗಾಲಯ ಬೇಕಿಲ್ಲ, ತಾಳ್ಮೆ ಬೇಕು.

ಕರ್ನಾಟಕದಲ್ಲಿ ಈಗ ಚಿಟ್ಟೆ ಫೋಟೊ ತೆಗೆಯುವವರಿಗೇನೂ ಬರವಿಲ್ಲ. ಅವರಲ್ಲಿ ಒಂದು ಕೋರಿಕೆ: ರೆಕ್ಕೆ ಹರಿದ ಚಿಟ್ಟೆ ಎಂದು ಫೋಟೊ ಅಳಿಸಬೇಡಿ. ಎಡಬಲ ರೆಕ್ಕೆಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಕತ್ತರಿಸಿದಂಥ ಗುರುತಿದ್ದರೆ ರೆಕ್ಕೆ ಮಡಿಸಿ ಕೂತಾಗ ಹಕ್ಕಿ ಬಾಯಿ ಹಾಕಿರಬಹುದು ಎಂದರ್ಥ. ಕರೆಂಟ್ ತಂತಿಯ ಕೆಳಗೆ, ಕಾಜಾಣ ಕೂರುವ ಕೊಂಬೆಯ ಕೆಳಗೆ ಉದುರಿದ ರೆಕ್ಕೆಗಳಿದ್ದರೆ ಅವನ್ನೂ ತೆಗೆಯಿರಿ. ಜಾತಿ, ಗಂಡೋ ಹೆಣ್ಣೋ, ಊರು, ದಿನಾಂಕ ಬರೆದು ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಅಥವಾ ‘ಐನ್ಯಾಚುರಲಿಸ್ಟ್’ ಜಾಲತಾಣಕ್ಕೆ ಸೇರಿಸಿ.